ಪಟಕ್ಕೆ ಮುಡಿಸಿದ ಗೊಂಚಲು

೧೨-೧-೧೯೮೬, ಭಾನುವಾರ. ವಿಜಯನಗರ.

ಬೆಳಿಗ್ಗೆಯಿಂದ ಹೆಂಡತಿ ಪುಟ್ಟಲಕ್ಷ್ಮಿಯ ಮುಖ ನೋಡಲು ನಾಚಿಕೆ. ಎರಡು ಬಗೆಯ ಬಳ್ಳಿ ಜೆರೇನಿಯಂ ಕೂಡಿಸಿ ನಾಲ್ಕು ವರ್ಷ ಒದ್ದಾಡಿ ಅವಳು ಎಬ್ಬಿಸಿದ ಹೊಸ ಗಿಡ ಮೊದಲ ಸಲ ಹೂ ಬಿಟ್ಟಿತ್ತು. ಬಿಳಿ ಎಸಳು, ಕೆಂಪು ಅಂಚು, ಇದ್ದದ್ದು ಒಂದೇ ಗೊಂಚಲು. ಸ್ನಾನ ಮಾಡಿ ಬಂದವನು ದಿನದ ಅಭ್ಯಾಸದಂತೆ ಅದನ್ನೇ ಕಿತ್ತು ದೇವರ ಪಟಕ್ಕೆ ಮುಡಿಸಿಬಿಟ್ಟೆ.

ಬೈಯುತ್ತಾಳೆಂದು ಕಾದೆ. ಅವಳು ಬೆಂಕಿಕಡ್ಡಿಗೆ ಹತ್ತಿ ಸುತ್ತಿಕೊಂಡು ಬಂದಳು.

"ದೇವ್ರಿಗೆ ಇಟ್ಟಿದ್ದನ್ನ ತೆಗೆಯಲ್ಲ ಕಣ್ರೀ. ಪರಾಗ ಮಾತ್ರ ಇಸ್ಕೋತೀನಿ."

ಸ್ಟೂಲ್ ಹತ್ತಿ, ಉಸಿರು ಬಿಗಿಹಿಡಿದು, ಒಂದು ಎಸಳೂ ಅಲುಗದಂತೆ ಹತ್ತಿಗೆ ಪರಾಗ ಅಂಟಿಸಿಕೊಂಡಳು. ಹಾಗೇ ಹಿತ್ತಿಲಿಗೆ ಹೋಗಿ ಹಳೆಯ ಗಿಡದ ಹೂವಿಗೆ ಸವರಿ, ಗುರುತಿಗೆ ದಾರ ಕಟ್ಟಿದಳು. ಅದರ ಬೀಜ ಮೊಳೆತು ಹೂ ಬಿಡುವುದಕ್ಕೆ ಮತ್ತೆಷ್ಟು ದಿನವೋ. ಅವಳಿಗೆ ಅದರ ಚಿಂತೆಯೇ ಇಲ್ಲ.

ಇಪ್ಪತ್ತು ವರ್ಷದಿಂದ ಆ ಪಟದ ಮುಂದೆ ನಿಲ್ಲುತ್ತಿದ್ದೇನೆ. ಹಾಗೆ ಉಸಿರು ಬಿಗಿಹಿಡಿದು ಒಂದು ದಿನವಾದರೂ ನಾನು ನಿಂತಿದ್ದೇನೆಯೇ?