ಗೋಡೆ ಹಾರಿದವು

ಅವ್ವಾ,

ನಿನ್ನ ಹಠಮಾರಿ ಮಗಳು ಬರೀತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ನಿನ್ನ ಮಣ್ಣು ಮುಗಿಸಿ ಮಾಡಿದ ಕಾರ್ಯದ ದಿನ, ಊಟದ ಪಂಕ್ತಿಯಲ್ಲೇ ನಿನ್ನ ಅಣ್ಣ ಗುಡುಗಿದ. ದೇಹವನ್ನು ಇಡಿಯಾಗಿ ಕೂರಿಸಿ ಮಣ್ಣು ಮಾಡುವ ಮಂದಿಯಲ್ಲವೇ ನಾವು? "ನನ್ ತಂಗೀನ ಅರ್ಧ ಮಣ್ಣು ಮಾಡೀವಿ. ಆಸ್ಪತ್ರ್ಯಾಗ ಕೊಯ್ದಿದ್ದನ್ನ ಇವಳು ಗಾಜಿನ ಮ್ಯಾಲೆ ಅಂಟಿಸಿ ಇಟ್ಕಂಡಾಳ. ತಾ ಇಲ್ಲಿ, ಸಮಾಧಿಗೆ ಸೇರಿಸ್ತೀನಿ." ನಾನು ಸಾರಿನ ಸೌಟು ಹಿಡಿದೇ ನಿಂತಿದ್ದೆ. "ಕೊಡಂಗಿಲ್ಲ ಮಾವ" ಅಂದೆ. ನೀನೇ ಇಟ್ಟುಕೋ ಅಂದಿದ್ದೆ ಎಂದರೆ ಯಾರು ನಂಬಿದರು? ಮಾವ ಎಲೆ ಬಿಟ್ಟು ಎದ್ದು ಹೋದ.

ನಿನ್ನ ಮೇಲೂ ನನಗೆ ಸಿಟ್ಟಿದೆ ಅವ್ವಾ. ದಿನಾ ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಊರವರ ಅಂಗಾಂಶವನ್ನೆಲ್ಲ ಮೇಣದಲ್ಲಿಟ್ಟು, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡುವವಳು ನಾನು. ನಮ್ಮ ನಿಟ್ಟುವಳ್ಳಿ ಮನೆಯಲ್ಲೇ ನೀನು ಎದೆಯ ಗಂಟಿಗೆ ಅರಿಸಿನ ಹಚ್ಚಿ ಸೆರಗು ಮುಚ್ಚಿಕೊಂಡು ತಿರುಗಿದೆ. ಕೇಳಿದರೆ, "ಗಂಡಸು ಡಾಕ್ಟ್ರಿಗೆ ಹೆಂಗೆ ತೋರಿಸ್ಲೇ?" ಅಂದೆ. ಒಂದು ವರ್ಷ ಮೊದಲು ಹೇಳಿದ್ದರೆ...

ಆಪರೇಷನ್ ಆಗಿ ಚೇತರಿಸಿಕೊಂಡಾಗ, "ನನ್ನ ತಿನ್ನೋದು ಹೆಂಗೈತೆ, ತೋರ್ಸು" ಎಂದು ಹಟ ಹಿಡಿದಿದ್ದೆಯಲ್ಲ. ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣು ಇಟ್ಟು, "ಅಯ್ ಶಿವನೇ, ಗುಲಾಬಿ, ನೇರಳೆ! ಇಷ್ಟು ಚಂದ ಐತೇನೇ?" ಅಂದೆ. ಅಂಗಾಂಶ ಎಂದರೇನು ಎಂದು ನೀನು ಕೇಳಿದೆ. ಒಂದೇ ಕೆಲಸಕ್ಕೆ ಕೂಡಿ ಬಾಳುವ ಜೀವಕೋಶಗಳು ಅಂದೆ ನಾನು. "ಕೂಡು ಕುಟುಂಬ ಅನ್ನು." ಹಾಲಿನ ನಾಳದ ಸುತ್ತಲಿನ ತೆಳು ಪೊರೆ ತೋರಿಸಿ, ಒಳಗೇ ಇದ್ದರೆ ಕೊಯ್ದು ತೆಗೆದು ಉಳಿಸಬಹುದು, ನಿನ್ನ ಕ್ಯಾನ್ಸರ್ ಜೀವಕೋಶಗಳು ಇದನ್ನು ಒಡೆದು ಹೊರಗೆ ಬಂದಿವೆ ಎಂದು ಹೇಳಿ ನಾನು ಮುಖ ತಿರುಗಿಸಿದೆ. ನೀನು ಮಾತ್ರ ಕಣ್ಣು ತೆಗೆಯಲಿಲ್ಲ. "ಹಂಗಾದ್ರೆ ಗೋಡೆ ಹಾರಿದವು ಅನ್ನು. ಇದನ್ನ ಇಟ್ಕ. ಬ್ಯಾರೆ ಹೆಣ್ಮಕ್ಳಿಗೆ ತೋರ್ಸು. ನಂಗಂತೂ ಮುಚ್ಚಿಟ್ಟು ಸಾಕಾತು."

ತೋರಿಸುತ್ತಿದ್ದೇನೆ. ಲ್ಯಾಬಿಗೆ ಬರುವ ವಿದ್ಯಾರ್ಥಿಗಳಿಗೆ ಪುಸ್ತಕದ ಉದ್ದುದ್ದ ಇಂಗ್ಲಿಷ್ ಹೆಸರು ಕಲಿಸಿದ ಮೇಲೆ ನಿನ್ನ ಮಾತನ್ನೂ ಹೇಳುತ್ತೇನೆ. ಹಿರಿಯ ಪ್ರೊಫೆಸರು, "ಇದೇನ್ರಿ, ಅಡುಗೆಮನೆ ಭಾಷೆ?" ಎಂದು ಮೂಗು ಮುರಿದರು. ಹೌದ್ರಿ, ಗಂಟು ಬಚ್ಚಿಟ್ಟುಕೊಂಡು ಕೂತವರೆಲ್ಲ ಅಡುಗೆಮನೆಯಲ್ಲೇ ಇದ್ದಾರೆ ಅಂದೆ. ಕೆಲಸದಿಂದ ತೆಗೆದರೆ ತೆಗೆಯಲಿ. ನರ್ಸಮ್ಮನ ಜೊತೆ ನಿನ್ನ ಗಾಜು ಹಿಡಿದು ಹರಿಹರದ ಕಡೆ ಹಳ್ಳಿಗಳಿಗೂ ಹೋದೆ. ಮಾವನ ಊರು ಕಡರನಾಯಕನಹಳ್ಳಿಗೂ ಹೋದೆ, ಬೇಕೆಂದೇ. ಮಾವ ಕದ ಹಾಕಿಕೊಂಡ. ಅತ್ತೆ ಹಿತ್ತಿಲಿನಿಂದ ಬಂದು ನೋಡಿದಳು, ನಿನ್ನ ಗೋಡೆಯ ಮಾತನ್ನೂ ಕೇಳಿಸಿಕೊಂಡಳು.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಹೋದ ತಿಂಗಳು ಮಾವ ತಾನೇ ಗಾಡಿ ಕಟ್ಟಿ ಅತ್ತೆಯನ್ನು ಆಸ್ಪತ್ರೆಗೆ ಕರೆತಂದ. ಅವಳ ಎದೆಯಲ್ಲೂ ಗಂಟು, ಕಡಲೆಕಾಳಿನಷ್ಟು. ಅವಳ ಗಾಜಿಗೂ ನಾನೇ ಬಣ್ಣ ಹಾಕಿದೆ. ಲ್ಯಾಬಿನ ಬಾಗಿಲಲ್ಲಿ ಟವೆಲು ಹಿಂಡುತ್ತ ನಿಂತಿದ್ದ ಮಾವ. ಡಾಕ್ಟರು ಗಾಜು ನೋಡಿ, ನನಗೆ ಇಂಗ್ಲಿಷಿನಲ್ಲಿ ಹೇಳಿ ಹೊರಟ ಮೇಲೆ ಮೆಲ್ಲಗೆ ಕೇಳಿದ:

"ಗೋಡೆ ಹಾರ್ಯಾವೇನವ್ವಾ?"

"ಇಲ್ಲ ಮಾವ. ಹಾರಿಲ್ಲ."

ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟ. ನಿನ್ನ ಗಾಜನ್ನು ಮತ್ತೆ ಕೇಳಲಿಲ್ಲ. ಕೇಳಿದ್ದರೂ ಕೊಡುತ್ತಿರಲಿಲ್ಲ.