ಏಳನೇ ಗುಂಡಿಯ ಮಣ್ಣು

ಬುಧವಾರ, ಊಟದ ಬಿಡುವಿನಲ್ಲಿ

ಗುಬ್ಬಿಯ ಅಪ್ಪನಿಗೆ,

ಹದಿನಾಲ್ಕು ತಿಂಗಳ ಮೇಲೆ ನನ್ನ ಕಾಗದ ನೋಡಿ ಗಾಬರಿಯಾಗಬೇಡಿ. ಗುಬ್ಬಿ ಚೆನ್ನಾಗಿದ್ದಾಳೆ, ಮುಂದಿನ ಎರಡು ಹಲ್ಲು ಬಿದ್ದಿವೆ. ನಾನೂ ಚೆನ್ನಾಗಿದ್ದೇನೆ. ಕೆಲಸದ ಒಂದು ವಿಷಯ ಕೇಳಬೇಕಿತ್ತು, ಅಷ್ಟೇ.

ನಾನೀಗ ಮಣ್ಣು ಪರೀಕ್ಷೆ ಮಾಡುವ ಆಫೀಸಿನಲ್ಲಿ ಗುಡಿಸಿ ಒರೆಸುತ್ತೇನೆ. ನೀವು ಬಯಲಿನಲ್ಲಿ ಕೊರೆದು ತೆಗೆಯುವ ಮಣ್ಣು ಕೊಳವೆಯೊಳಗೆ ಕೂತು ಇಲ್ಲಿಗೇ ಬರುತ್ತದೆ. ಹನಿ ನೀರಿಲ್ಲದ ಆ ಬಯಲು ಒಂದು ಕಾಲಕ್ಕೆ ಜೊಂಡು ಬೆಳೆದ ಜೌಗಾಗಿತ್ತಂತೆ. ಕಪ್ಪು ಮಣ್ಣು ನೀರು ನಿಂತ ಕಾಲದ್ದು, ಬಿಳಿ ಉಪ್ಪುಮಣ್ಣು ಒಣಗಿದ ಕಾಲದ್ದು, ಕೆಳಗಿನದು ಹಳೆಯದು, ಮೇಲಿನದು ಈಚಿನದು ಅಂತ ಇಲ್ಲಿನ ಮೇಡಂ ನನಗೂ ಹೇಳಿಕೊಟ್ಟರು. ನಾಲ್ಕನೇ ಕ್ಲಾಸು ಅರ್ಧಕ್ಕೆ ಬಿಟ್ಟವಳಿಗೆ ಅಷ್ಟು ತಿಳಿದದ್ದೇ ತಪ್ಪಾಯಿತು. ತಿಳಿಯದಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆ.

ಹೋದ ಶುಕ್ರವಾರ ಒರೆಸುವಾಗ ಏಳನೇ ಗುಂಡಿಯ ಕೊಳವೆ ಕೈಜಾರಿತು. ಮುಚ್ಚಳ ಹಾರಿ, ಮೊಳದುದ್ದ ಮಣ್ಣು ಬಾಳೆದಿಂಡಿನ ಹಾಗೆ ಇಡಿಯಾಗಿ ಹೊರಗೆ ಬಂತು. ಸದ್ಯ ಮುರಿಯಲಿಲ್ಲವಲ್ಲ ಅಂತ ಗಡಿಬಿಡಿಯಲ್ಲಿ ಒಳಗೆ ತಳ್ಳಿದೆ. ಆಮೇಲೆ ನೋಡಿದರೆ ನೀವು ಮೇಲ್ತುದಿಗೆ ತುರುಕುವ ಬಟ್ಟೆಚೂರು ಬೆಂಚಿನ ಕೆಳಗೆ ಬಿದ್ದಿದೆ. ಮೇಲ್ತುದಿ ಯಾವುದು? ಮೇಲ್ತುದಿ ತೋರುವ ಬಾಣದ ಗುರುತು ಕೊಳವೆಗಿದೆ, ಮಣ್ಣಿಗಿಲ್ಲ. ಬಾಣ ತೋರಿದ ಕಡೆಗೇ ಬಟ್ಟೆ ತುರುಕಿ ತೆಪ್ಪಗಾದೆ.

ಸೋಮವಾರ ಮೇಡಂ ಆ ತುದಿಯ ಮುಚ್ಚಳ ತೆಗೆದರು. ಉಳಿದ ಗುಂಡಿಗಳಲ್ಲೆಲ್ಲ ಮೇಲೆ ಬಿಳಿ, ಇದರಲ್ಲಿ ಮಾತ್ರ ಕಪ್ಪು. ಒಣಗಿದ ಮೇಲೆ ಮತ್ತೆ ನೀರು ಬಂದಿತ್ತು ಕಣಮ್ಮಾ, ಇದು ಯಾರಿಗೂ ಗೊತ್ತಿರಲಿಲ್ಲ ಅಂತ ಕುಣಿದಾಡಿದರು. ನಿನ್ನ ಕೈಗುಣ ಅಂತ ನನಗೊಂದು ಟೀ ಬೇರೆ. ಬರುವ ವಾರ ಇದನ್ನೆಲ್ಲ ಬರೆದು ದೊಡ್ಡವರಿಗೆ ಕಳಿಸುತ್ತಾರಂತೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಬಯಲಿಗೆ ಇಲ್ಲದ ನೀರು ಬರುತ್ತದೆ.

ಮೋಡವಿಲ್ಲದಿದ್ದರೂ ಕೊಡೆ ಬಿಚ್ಚಿ ಕೂರುವವಳು ಅಂತ ನೀವು ನಗುತ್ತಿದ್ದಿರಿ. ನಗಿ. ಆದರೆ ಏಳನೆಯದರಲ್ಲಿ ಮೇಲಿದ್ದದ್ದು ಕಪ್ಪೋ ಬಿಳಿಯೋ, ಒಂದು ಸಾಲು ಬರೆಯಿರಿ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ನಾನು ಬೈದದ್ದಕ್ಕೆ ನೀವು ಹೊರಟಿರೋ, ನೀವು ಹೊರಟದ್ದಕ್ಕೆ ನಾನು ಬೈದೆನೋ, ಗುಬ್ಬಿ ಕೇಳಿದಾಗ ದಿನಕ್ಕೊಂದು ಥರ ಹೇಳುತ್ತೇನೆ.

ಉತ್ತರಕ್ಕೆ ಕಾದಿರುವ,
ಗುಬ್ಬಿಯ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಮನಸ್ಸು ತಡೆಯದೆ ಹೋಗಿ ಕೊಳವೆಯ ಇನ್ನೊಂದು ಮುಚ್ಚಳ ಬಿಚ್ಚಿದೆ. ಅಲ್ಲಿ ಬಿಳಿ ಮಣ್ಣಿನ ಮೇಲೆ ಬಟ್ಟೆಯ ನೇಯ್ಗೆ ಅಚ್ಚೊತ್ತಿದೆ, ಜೊತೆಗೊಂದು ಸೊಟ್ಟ ಹೊಲಿಗೆ. ಅಂದರೆ ಬಿಳಿಯೇ ಮೇಲೆ. ಮೇಡಂಗೆ ಹೇಳಿಬಿಟ್ಟೆ. ಅವರು ತಾವೇ ಮಣ್ಣು ತಿರುಗಿಸಿಟ್ಟು, ಇನ್ನು ಮೇಲೆ ನೆಲ ಒರೆಸು ಸಾಕು, ಕೊಳವೆ ಮುಟ್ಟಬೇಡ ಅಂದರು. ಹಾಗಾಗಿ ಮಣ್ಣಿನ ವಿಷಯ ನೀವು ಬರೆಯಬೇಕಾಗಿಲ್ಲ. ಆದರೆ ಆ ಸೊಟ್ಟ ಹೊಲಿಗೆ ನನ್ನದು, ನಿಮ್ಮ ನೀಲಿ ಅಂಗಿಯ ಜೇಬಿನದು. ಬೆಂಚಿನ ಕೆಳಗೆ ಕಂಡಾಗಲೇ ಗುರುತು ಹಿಡಿದಿದ್ದೆ. ಅಂಗಿ ಸವೆದುಹೋಯಿತು ಅಂತ ಹರಿದಿರೋ, ಸಿಟ್ಟಿಗೆ ಹರಿದಿರೋ? ಅದೊಂದು ಬರೆಯಿರಿ.