ಯಾರೂ ಓಡದ ಸಂಜೆ

ಮಾರ್ಚ್ 12, ಬುಧವಾರ. ಸಮೋವಾ.

ಕೇಳಿರಿ, ಕೇಳಿರಿ, ಮಹಾಜನಗಳೇ! ಮುಂದಿನ ಸಾಲಿನಲ್ಲಿ ಕೂತ ಹಲ್ಲಿಗಳೇ, ನೀವೂ ಕೇಳಿರಿ! ಇಂದು ನಮ್ಮೂರು ಕುಳಿತಲ್ಲೇ ಮುಳುಗಿತು.

ಊರ ಸಭೆ ನನಗೊಪ್ಪಿಸಿದ್ದ ಸುನಾಮಿ ತಾಲೀಮನ್ನು ಯಾರಿಗೂ ಹೇಳದೆ ಮಾಡಬೇಕೆಂದಿದ್ದೆ. ಅಲೆ ಹೇಳಿ ಬರುತ್ತದೆಯೇ? ಹೊತ್ತು ಮುಳುಗುವಾಗ ಚರ್ಚಿನ ಮುಂದೆ ನೇತುಹಾಕಿದ ಹಳೆಯ ಗ್ಯಾಸ್ ಸಿಲಿಂಡರನ್ನು ಸುತ್ತಿಗೆಯಿಂದ ಬಡಿದೆ. ನಾಟಕದ ರಂಗದ ಮೇಲೂ ನಾನು ಅಷ್ಟು ಅಬ್ಬರಿಸಿದವನಲ್ಲ.

ಒಬ್ಬರೂ ಗುಡ್ಡದ ಕಡೆ ಓಡಲಿಲ್ಲ. ಆಡುತ್ತಿದ್ದ ಮಕ್ಕಳು ಒಳಗೆ ಹೋದರು. ಮನೆಗಳ ಚಾಪೆ ಪರದೆಗಳು ಒಂದೊಂದಾಗಿ ಇಳಿದವು. ಸಂಜೆಯ ಪ್ರಾರ್ಥನೆಗೆ ದಿನವೂ ಬಡಿಯುವುದು ಅದೇ ಸಿಲಿಂಡರ್. ‘ಅಲೆಗೆ ಬೇರೆ ಗಂಟೆ ಯಾಕೆ, ಇದೇ ಸಾಕು’ ಎಂದು ಸಭೆಯಲ್ಲಿ ಗುಡುಗಿದವನು ನಾನೇ.

ತಾಲೀಮಿನ ಲೆಕ್ಕದಲ್ಲಿ ಅಲೆ ದಡ ಮುಟ್ಟಲು ಹತ್ತು ನಿಮಿಷ. ಗಡಿಯಾರ ನೋಡುತ್ತ ಬರಿದಾದ ರಸ್ತೆಯಲ್ಲಿ ನಿಂತೆ. ಮನೆಮನೆಯಿಂದ ಸ್ತೋತ್ರ ಕೇಳಿಸುತ್ತಿತ್ತು, ನೀರಿನಡಿಯಿಂದ ಬರುವಂತೆ ಮೆಲ್ಲಗೆ. ಹತ್ತು ನಿಮಿಷ ಕಳೆದರೂ ಅದು ನಿಲ್ಲಲಿಲ್ಲ.

ಆಮೇಲೆ ಸಿನಿವ ಅತ್ತೆ ಪರದೆ ಎತ್ತಿದಳು. “ಏನೋ ಇಯೋಪು, ಇವತ್ತು ಅಷ್ಟು ಜೋರಾಗಿ ಹೊಡ್ದೆ? ದೇವ್ರಿಗೇನು ಕಿವಿ ಕೇಳ್ಸಲ್ವಾ?”

“ಅತ್ತೆ, ಅದು ಅಲೆ ಗಂಟೆ ಕಣೇ. ನೀನೀಗ ಸತ್ತು ಹೋಗಿದೀಯ.”

ಅವಳು ನಕ್ಕಳು. ಕಡಲ ಕಡೆ ನೋಡಿ ನಗು ನಿಲ್ಲಿಸಿದಳು. “ಸತ್ತೋಳೇ ಕರೀತಿದೀನಿ, ಬಾ, ಊಟ ಮಾಡು.”

ಅವಳು ಬಡಿಸಿದ ಕೆಸುವಿನ ಗಡ್ಡೆ ತಿಂದು ಬಂದೆ. ಆ ಸ್ತೋತ್ರ ಇನ್ನೂ ಕಿವಿಯಲ್ಲಿದೆ.

ನಾಳೆ ಬೆಳಗಾಗುತ್ತಲೇ ಅಪ್ಪನ ಶಂಖ ಹಿಡಿದು ಮನೆಮನೆಗೂ ಹೋಗುತ್ತೇನೆ. ಸಿಲಿಂಡರ್ ದೇವರಿಗೆ, ಶಂಖ ಅಲೆಗೆ. ಮೊದಲು ಅತ್ತೆಯ ಕಿವಿಯ ಪಕ್ಕದಲ್ಲೇ ಊದುತ್ತೇನೆ, ಅವಳು ಬೈಯುತ್ತ ಗುಡ್ಡ ಹತ್ತುವವರೆಗೂ.